ಗಾಳಕ್ಕೆ ಗುರುತಿಲ್ಲದ ಮೀನು ಬಿದ್ದರೆ: ರೆಕ್ಕೆಯಿಂದ ಶುರು ಮಾಡಿ, ಬಣ್ಣ ಕೊನೆಗೆ ನೋಡಿ

ಕರಿಮೀನು, ಕಾರಿ, ಕರಿಪ್ಪಿಡಿ. ಮೂರೂ ಕಾಸರಗೋಡಿನ ಹೊಳೆ ಬದಿಯಲ್ಲಿ ಕೇಳುವ ಮಲಯಾಳದ ಹೆಸರುಗಳು, ಕಿವಿಗೆ ಅಣ್ಣತಮ್ಮಂದಿರ ಹಾಗೆ ಕೇಳುತ್ತವೆ. ಆದರೆ ಮೊದಲನೆಯದು ಅಂಗೈಯಷ್ಟು ಅಗಲದ, ಹುರಿದರೆ ಪಕ್ಕದ ಮನೆಯವರೂ ಬಂದು ಕೂರುವ ಮೀನು. ಎರಡನೆಯದು ಚೇಳುಮೀನು, ಚುಚ್ಚಿದರೆ ಆ ರಾತ್ರಿ ನಿದ್ದೆ ಇಲ್ಲ. ಮೂರನೆಯದು ನೀರಿಂದ ಎತ್ತಿ ಹಾಕಿದರೂ ಗದ್ದೆಯ ಹುಣಿಯ ಮೇಲೆ ತೆವಳಿಕೊಂಡು ಹೋಗುವ ಗಟ್ಟಿ ಜೀವ. ಇದರ ಮೇಲೆ ನಾವು ಗಡಿಯವರು ಬೇರೆ. ಒಂದೇ ಮೀನಿಗೆ ತುಳುವಿನವರದ್ದು ಒಂದು ಹೆಸರು, ಬ್ಯಾರಿಯವರದ್ದು ಇನ್ನೊಂದು, ಪೇಟೆಯ ಮೀನಂಗಡಿಯಲ್ಲಿ ಮತ್ತೊಂದು, ಮನೆಯಲ್ಲಿ ಅಜ್ಜಿ ಹೇಳುವುದು ಯಾರೂ ಕೇಳದ ಮಗದೊಂದು. ಹಾಗಾಗಿ ಮೀನು ಹಿಡಿದುಕೊಂಡು ‘ಇದರ ಹೆಸರೇನು ಮಾರಾಯಾ’ ಅಂತ ಕೇಳುವುದರಿಂದ ಶುರು ಮಾಡಿದರೆ ಕೆಲಸ ಕೆಟ್ಟಿತು.

ನಾನು ಇದನ್ನು ಕಲಿತದ್ದು ಪೆಟ್ಟು ತಿಂದು. ಮುಳ್ಳೇರಿಯ ಕಡೆ ಒಂದು ತೋಡಿಗೆ ಕಟ್ಟ ಕಟ್ಟಿದ್ದರು. ಜನವರಿಯ ಒಂದು ಸಂಜೆ ಎರೆಹುಳ ಸಿಕ್ಕಿಸಿ ಅಲ್ಲಿ ಕೂತಿದ್ದೆ. ಕತ್ತಲಾಗುವ ಹೊತ್ತಿಗೆ ಕಪ್ಪಗೆ, ನುಣ್ಣಗೆ, ಮೀಸೆ ಇರುವ ಮೀನು ಬಂತು. ಮುಗುಡು ಅಂದುಕೊಂಡು ಮುಷ್ಟಿಯಲ್ಲಿ ಹಿಡಿದೆ. ಮುಂದಿನ ಎರಡು ಗಂಟೆ ನನ್ನ ಬಾಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಅದು ಕಾರಿ. ಬಣ್ಣ ನೋಡಿದ್ದೆ, ಮೀಸೆ ನೋಡಿದ್ದೆ, ಬೆನ್ನಿನ ರೆಕ್ಕೆ ಮಾತ್ರ ನೋಡಿರಲಿಲ್ಲ. ಮುಗುಡಿಗೆ ಬೆನ್ನಿನ ರೆಕ್ಕೆ ಕತ್ತಿನಿಂದ ಬಾಲದವರೆಗೂ ಉದ್ದಕ್ಕೆ ಇರುತ್ತದೆ. ಕಾರಿಗೆ ಅಲ್ಲಿರುವುದು ಆರೇಳು ಕಡ್ಡಿಯ ಒಂದು ಪುಟ್ಟ ಗೊಂಚಲು ಮಾತ್ರ. ಎರಡು ಸೆಕೆಂಡಿನ ಕೆಲಸ, ಅಷ್ಟೇ.

ಮೊದಲು ಕೈ, ಆಮೇಲೆ ಮೀನು

ಗುರುತು ಸಿಗದ ಮೀನನ್ನು ಬರಿಗೈಯಲ್ಲಿ ಹಿಡಿಯಬೇಡಿ. ಒದ್ದೆ ಬೈರಾಸು, ಅಂದರೆ ಟವೆಲು, ಸಾಕು. ಮೀಸೆ ಕಂಡರೆ ಅಲ್ಲಿಗೇ ನಿಲ್ಲಿ. ಮೀಸೆ ಇರುವ, ಹುರುಪೆ (ಮೈಮೇಲಿನ ಚಿಪ್ಪು) ಇಲ್ಲದ ಮೀನುಗಳಲ್ಲಿ ಕಾರಿ, ಮುಗುಡು, ಕೂರಿ ಮೂರಕ್ಕೂ ಎದೆಯ ರೆಕ್ಕೆಗಳ ಮುಂದೆ ಒಂದೊಂದು ಗಟ್ಟಿ ಮುಳ್ಳು ಇರುತ್ತದೆ. ಕಾರಿಯ ಮುಳ್ಳಿನಲ್ಲಿ ವಿಷವೂ ಇದೆ.

ಚುಚ್ಚಿದರೆ ಏನು ಮಾಡುವುದು? ಈ ವಿಷ ಬಿಸಿಗೆ ಕೆಡುತ್ತದೆ. ಹಾಗಾಗಿ ಗಾಯವಾದ ಕೈಯನ್ನು ತಡೆದುಕೊಳ್ಳುವಷ್ಟು ಬಿಸಿ ನೀರಿನಲ್ಲಿ, 45 ಡಿಗ್ರಿ ದಾಟದ ಹಾಗೆ, ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಇಡಬೇಕು. ಬಿಸಿ ಎಷ್ಟಿದೆ ಅಂತ ಚೆನ್ನಾಗಿರುವ ಕೈಯಿಂದ ನೋಡಿ. ನೋವಿದ್ದ ಕೈಗೆ ಬಿಸಿ ಸರಿಯಾಗಿ ತಿಳಿಯುವುದಿಲ್ಲ, ಸುಟ್ಟುಕೊಂಡರೆ ಇನ್ನೊಂದು ತಾಪತ್ರಯ. ಆಮೇಲೆ ಡಾಕ್ಟರ ಹತ್ತಿರ ಹೋಗಿ. ಮುಳ್ಳಿನ ತುಂಡು ಒಳಗೆ ಉಳಿದಿರಬಹುದು, ಟಿಟಿ ಇಂಜೆಕ್ಷನ್ ಕೂಡ ಬೇಕಾಗಬಹುದು.

ಇನ್ನೊಂದು ಎಚ್ಚರಿಕೆ. ಹಿಡಿದ ಕೂಡಲೇ ಹೊಟ್ಟೆ ಬಲೂನಿನ ಹಾಗೆ ಉಬ್ಬಿಸಿಕೊಂಡಿತು ಎಂದರೆ ಅದನ್ನು ಸಾರಿಗೆ ಹಾಕುವ ಯೋಚನೆಯೇ ಬೇಡ. ಉಬ್ಬುಮೀನುಗಳ ವಿಷ ಬೇಯಿಸಿದರೂ ಹೋಗುವುದಿಲ್ಲ.

ಅಡಿಕೆ ಹಾಳೆಯ ತೊಟ್ಟಿ

ನಮ್ಮ ಊರಿನಲ್ಲಿ ಇದಕ್ಕೆ ಉಪಕರಣ ಕೊಳ್ಳಬೇಕಾಗಿಲ್ಲ. ಒಂದು ಹಸಿ ಅಡಿಕೆ ಹಾಳೆ ತೆಗೆದುಕೊಳ್ಳಿ, ಎರಡೂ ತುದಿ ಮಡಚಿ ಕಟ್ಟಿ, ಹೊಳೆಯ ನೀರು ತುಂಬಿಸಿ. ಮೀನು ಉಸಿರಾಡುತ್ತದೆ, ಹಾರಿ ಹೋಗುವುದಿಲ್ಲ, ಹಿನ್ನೆಲೆಯೂ ತಿಳಿ ಬಣ್ಣದ್ದು. ನೀರಿನಲ್ಲಿ ಸಣ್ಣ ಮೀನು ತಾನಾಗಿಯೇ ರೆಕ್ಕೆ ಬಿಡಿಸುತ್ತದೆ. ನೆಲದ ಮೇಲೆ ಎಲ್ಲ ರೆಕ್ಕೆ ಮಡಚಿಕೊಂಡು ಬರೀ ಒಂದು ತುಂಡು ಮಾಂಸದ ಹಾಗೆ ಕಾಣುತ್ತದೆ.

ಫೋಟೋ ತೆಗೆಯುವಾಗ ಹೆಚ್ಚಿನವರು ಮಾಡುವುದೇನು? ಮೀನನ್ನು ಕ್ಯಾಮೆರಾಕ್ಕೆ ಚಾಚಿ ಹಿಡಿದು, ತಾವು ಹಲ್ಲು ಕಿರಿದು, ಒಂದು ಫೋಟೋ. ಅದರಲ್ಲಿ ಗುರುತಿಸಲು ಆಗುವುದು ಹಿಡಿದವನನ್ನು ಮಾತ್ರ. ಬೇಕಾದದ್ದು ಇಷ್ಟು: ತಲೆ ಎಡಕ್ಕೆ ಬರುವ ಹಾಗೆ ಇಡೀ ಪಕ್ಕದ ನೋಟ, ಮೇಲಿಂದ ತಲೆ, ಕೆಳಗಿಂದ ಬಾಯಿ ಮತ್ತು ಗದ್ದ, ಬೆನ್ನಿನ ರೆಕ್ಕೆ ಬಿಡಿಸಿದ್ದು ಒಂದು, ಹೊಟ್ಟೆಯ ಹಿಂದೆ ಗುದದ ಹತ್ತಿರ ಇರುವ ರೆಕ್ಕೆ ಒಂದು. ಅಳತೆಗೆ ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ ಇಡಿ, ಅದರ ಅಗಲ 27 ಮಿಲಿಮೀಟರ್. ಬಿಸಿಲಿಗೆ ನೇರ ಹಿಡಿದರೆ ಹುರುಪೆ ಕನ್ನಡಿಯಂತೆ ಹೊಳೆದು ಏನೂ ಕಾಣದು. ಮರದ ನೆರಳೇ ಒಳ್ಳೆಯದು. ಕೈ ಒದ್ದೆ ಮಾಡಿಕೊಂಡೇ ಮುಟ್ಟಿ, ಒಣಗೈ ಮೀನಿನ ಲೋಳೆ ಕಿತ್ತು ಹಾಕುತ್ತದೆ.

ಅದರ ಜೊತೆಗೆ ಎಲ್ಲಿ ಸಿಕ್ಕಿತು ಅಂತ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಹೊಳೆಯ ಹೆಸರು ಸಾಲದು. ಚಂದ್ರಗಿರಿ 105 ಕಿಲೋಮೀಟರ್ ಉದ್ದದ ಹೊಳೆ, ಕೊಡಗಿನ ಬೆಟ್ಟದಿಂದ ತಳಂಗರೆಯ ಅಳಿವೆಯವರೆಗೆ ಅದರ ಮೀನು ಒಂದೇ ಅಲ್ಲ. ಬೇಸಗೆಯಲ್ಲಿ ಉಪ್ಪುನೀರು ಬಾವಿಕ್ಕೆರೆಯವರೆಗೂ ಏರುತ್ತಿತ್ತು. ಅದನ್ನು ತಡೆಯಲೆಂದೇ ಅಲ್ಲಿ ವರ್ಷ ವರ್ಷ ಮರಳು ಚೀಲದ ತಡೆ ಹಾಕುತ್ತಿದ್ದರು, ಆಮೇಲೆ ಶಾಶ್ವತ ಕಟ್ಟೆ ಬಂತು. ಉಪ್ಪು ತಾಗುವ ಜಾಗದಲ್ಲಿ ಸಿಕ್ಕಿದ್ದು ಹೊಳೆಮೀನೇ ಆಗಬೇಕೆಂದಿಲ್ಲ. ಚೆಂಬಲ್ಲಿ, ಕಾಳಾಂಜಿ, ತಿರುತ ಎಲ್ಲ ಸಮುದ್ರದಿಂದ ಮೇಲೆ ಬರುತ್ತವೆ. ತಿರುತ ಹಿಡಿದವರು ಅದನ್ನು ಏನೋ ಹೊಸ ಬಿಳಿ ಮೀನು ಅನ್ನುತ್ತಾರೆ. ಅದರ ಬೆನ್ನಲ್ಲಿ ಎರಡು ಬೇರೆ ಬೇರೆ ರೆಕ್ಕೆ, ಮುಂದಿನದರಲ್ಲಿ ಸರಿಯಾಗಿ ನಾಲ್ಕೇ ಮುಳ್ಳು. ಎಣಿಸಿದರೆ ಮುಗಿಯಿತು.

ಕೇಳಬೇಕಾದ ಪ್ರಶ್ನೆಗಳು, ಇದೇ ಕ್ರಮದಲ್ಲಿ

ಹುರುಪೆ ಇದೆಯಾ ಇಲ್ಲವಾ? ಮೀಸೆ ಎಷ್ಟು ಜೊತೆ? ಬೆನ್ನಿನ ರೆಕ್ಕೆ ಒಂದಾ ಎರಡಾ, ಉದ್ದವಾ ಗಿಡ್ಡವಾ, ಮುಳ್ಳಿದೆಯಾ? ಬೆನ್ನಿನ ರೆಕ್ಕೆಗೂ ಬಾಲಕ್ಕೂ ನಡುವೆ, ಕಡ್ಡಿಯೇ ಇಲ್ಲದ ಮಾಂಸದ ಸಣ್ಣ ರೆಕ್ಕೆ ಇದೆಯಾ? ಇದನ್ನು ಕೊಬ್ಬಿನ ರೆಕ್ಕೆ ಅನ್ನೋಣ, ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ. ಗುದದ ರೆಕ್ಕೆಯಲ್ಲಿ ಎಷ್ಟು ಮುಳ್ಳು? ಬಾಯಿ ಮೇಲ್ಮುಖವಾ, ಮುಂದಕ್ಕಾ, ಕೆಳಕ್ಕಾ? ಇಷ್ಟಕ್ಕೆ ಉತ್ತರ ಬರೆದುಕೊಂಡ ಮೇಲೆ ಮೀನು ಯಾವ ಮನೆತನದ್ದು ಅಂತ ಹೆಚ್ಚುಕಡಿಮೆ ಗೊತ್ತಾಗಿಯೇ ಬಿಡುತ್ತದೆ. ಮನೆತನ ಸಿಕ್ಕಿದರೆ ಹೆಸರು ಹುಡುಕುವುದು ಸುಲಭ.

ಮೀಸೆ ಇದೆ, ಹುರುಪೆ ಇಲ್ಲ

ಬೆನ್ನಿನ ರೆಕ್ಕೆ ಉದ್ದಕ್ಕಿದ್ದು ನಾಲ್ಕು ಜೊತೆ ಮೀಸೆ ಇದ್ದರೆ ಮುಗುಡು, ಮಲಯಾಳದ ಮುಶಿ. ಗೊಂಚಲಿನಷ್ಟೇ ಇದ್ದು ಹೊಟ್ಟೆಯ ಕೆಳಗಿನ ರೆಕ್ಕೆ ಉದ್ದಕ್ಕೆ ಹೋಗಿದ್ದರೆ ಕಾರಿ. ಬೆನ್ನಿನ ರೆಕ್ಕೆ ಗಿಡ್ಡ, ಅದರ ಮುಂದೆ ಗಟ್ಟಿ ಮುಳ್ಳು, ಹಿಂದೆ ಕೊಬ್ಬಿನ ರೆಕ್ಕೆ ಇದ್ದರೆ ಕೂರಿ. ಕೂರಿಯಲ್ಲೇ ಹಳದಿ ಮೈ, ಭುಜದ ಹತ್ತಿರ ದೊಡ್ಡ ಕಪ್ಪು ಮಚ್ಚೆ ಇದ್ದದ್ದು ಮಂಞಕ್ಕೂರಿ, ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ್ದು. ಬಾಯಿ ಕಣ್ಣಿನ ಹಿಂದಕ್ಕೂ ಸೀಳಿಕೊಂಡು ಹೋಗಿದ್ದು, ಮೀಸೆ ಎರಡೇ ಜೊತೆ ಇದ್ದರೆ ಅದು ವಾಳ. ಕನ್ನಡದವರು ಬಾಳೆಮೀನು ಅನ್ನುವುದು ಇದನ್ನೇ.

ಈಗ ತಲೆನೋವಿನ ವಿಷಯ. ಮುಗುಡಿನಲ್ಲಿ ಎರಡಿದೆ, ನಮ್ಮದು ಮತ್ತು ಆಫ್ರಿಕಾದ್ದು. ಆಫ್ರಿಕನ್ ಮುಶಿ ಸಾಕಣೆಗೆ ದೇಶದಲ್ಲಿ ನಿಷೇಧವಿದೆ, ಆದರೂ ಅದು ಹೊಳೆ ಸೇರಿ ಎಷ್ಟೋ ಕಾಲವಾಯಿತು. ನಮ್ಮ ಮುಗುಡು ಹೆಚ್ಚಾಗಿ ಒಂದು ಗೇಣಿನ ಆಸುಪಾಸು, ಮೈ ಒಂದೇ ಸಮ ಕಂದು ಕಪ್ಪು. ಆಫ್ರಿಕದ್ದು ಒಂದು ಮೀಟರ್ ದಾಟುತ್ತದೆ. ದೊಡ್ಡದಾದ ಹಾಗೆ ಮೈಯಲ್ಲಿ ಮೋಡ ಮೋಡವಾದ ಕಲೆ ಬರುತ್ತದೆ, ತಲೆಯ ಮೇಲ್ಭಾಗ ಮರಳು ಉಜ್ಜಿದ ಹಾಗೆ ಒರಟು. ಎರಡು ಕಿಲೋದ ‘ಊರ ಮುಗುಡು’ ಸಿಕ್ಕಿತು ಅಂತ ಯಾರಾದರೂ ಹೇಳಿದರೆ ನಾನು ಸುಮ್ನೆ ತಲೆಯಾಡಿಸುತ್ತೇನೆ, ನಂಬುವುದಿಲ್ಲ.

ಹುರುಪೆ ಇದೆ, ಬೆನ್ನಲ್ಲಿ ಒಂದೇ ಗಿಡ್ಡ ರೆಕ್ಕೆ

ದವಡೆಯಲ್ಲಿ ಹಲ್ಲಿಲ್ಲ, ಕೊಬ್ಬಿನ ರೆಕ್ಕೆ ಇಲ್ಲ, ಬಾಲ ಕವಲೊಡೆದಿದೆ ಅಂದರೆ ಕಾರ್ಪ್ ಮನೆತನದ್ದು. ಹೊಳೆಯಲ್ಲಿ ಸಿಗುವ ಬಿಳಿ ಮೀನುಗಳಲ್ಲಿ ಹೆಚ್ಚಿನವು ಇದೇ ಮನೆಯವು. ಇಲ್ಲಿ ಎಣಿಕೆಯೇ ದಾರಿ. ಕಿವಿರಿನ ಮುಚ್ಚಳದ ಹಿಂದಿನಿಂದ ಬಾಲದ ಬುಡದವರೆಗೆ ಮೈಯ ಪಕ್ಕದಲ್ಲಿ ಚುಕ್ಕಿ ಚುಕ್ಕಿಯಾಗಿ ಒಂದು ಗೆರೆ ಹೋಗುತ್ತದೆ. ಆ ಗೆರೆಯ ಮೇಲಿರುವ ಹುರುಪೆಗಳನ್ನು ಎಣಿಸಿ. ಹೊಳೆ ಬದಿಯಲ್ಲಿ ಆಗದಿದ್ದರೆ ಮನೆಗೆ ಬಂದು ಫೋಟೋ ಹಿಗ್ಗಿಸಿ ಎಣಿಸಬಹುದು.

25ರ ಆಸುಪಾಸು ಬಂತು, ಹುರುಪೆ ದೊಡ್ಡ ದೊಡ್ಡದು, ತುಟಿ ದಪ್ಪ, ಎರಡು ಜೊತೆ ಮೀಸೆ ಇದೆ ಅಂದರೆ ಮಹಶೀರ್, ತುಳುವಿನ ಪೆರುವೊಳು. ಸುಳ್ಯದ ಕಡೆ ತೊಡಿಕಾನ ದೇವಸ್ಥಾನದ ಹೊಳೆಗೆ ಹೋದವರು ಇದನ್ನು ಕಾಲ ಬುಡದಲ್ಲೇ ನೋಡಿರುತ್ತಾರೆ, ಅಲ್ಲಿ ಅದು ದೇವರ ಮೀನು. 40ರ ಮೇಲೆ ಬಂದು ಕೆಳತುಟಿಗೆ ಕುಚ್ಚಿನಂಥ ಅಂಚಿದ್ದರೆ ಅದು ಯಾರದೋ ಕೆರೆಯಿಂದ ಮಳೆಗೆ ತಪ್ಪಿಸಿಕೊಂಡ ರೋಹು. ತಲೆ ಮೈಗಿಂತ ದೊಡ್ಡದೇನೋ ಅನ್ನಿಸಿ, ಬಾಯಿ ಮೇಲ್ಮುಖವಾಗಿ, ಮೀಸೆ ಇಲ್ಲದಿದ್ದರೆ ಕಾಟ್ಲಾ. ಬೆನ್ನಿನ ರೆಕ್ಕೆ ಮಾತ್ರ ಉದ್ದಕ್ಕಿದ್ದು ಅದರ ಮೊದಲ ಗಟ್ಟಿ ಮುಳ್ಳು ಗರಗಸದಂತಿದ್ದರೆ ಸಾಮಾನ್ಯ ಗೆಂಡೆ. ಗದ್ದದ ಕೆಳಗೆ ತಟ್ಟೆಯಂಥ ಹೀರುಬಾಯಿ ಇಟ್ಟುಕೊಂಡು ಕಲ್ಲಿಗೆ ಅಂಟುವ ಸಣ್ಣದು ಗಾರಾ. ಗಾಳಕ್ಕಿಂತ ಮಕ್ಕಳ ಬೈರಾಸಿಗೆ ಸಿಗುವುದೇ ಜಾಸ್ತಿ.

ಬಣ್ಣ ಏಕೆ ನಂಬಬಾರದು ಅನ್ನುವುದಕ್ಕೆ ಈ ಮನೆತನದಲ್ಲೇ ಒಳ್ಳೆಯ ಉದಾಹರಣೆ ಇದೆ. ನಮ್ಮ ತೋಡುಗಳಲ್ಲಿ ಎಲ್ಲೆಲ್ಲೂ ಇರುವ, ಬಾಲದ ಹತ್ತಿರ ಉದ್ದನೆಯ ಕಪ್ಪು ಮಚ್ಚೆಯ ಒಂದು ಮೀನಿದೆ. ಬಾಲದ ಎರಡೂ ತುದಿಯಲ್ಲಿ ಕೆಂಪು ಕಪ್ಪು ಪಟ್ಟಿ. ಮರಿಯಾಗಿದ್ದಾಗ ಅದರ ಮೈಮೇಲೆ ಅಡ್ಡ ಪಟ್ಟಿಗಳಿರುತ್ತವೆ, ಬೆಳೆದಾಗ ಮಾಯ. ಗಂಡಿಗೆ ಬೆನ್ನಿನ ರೆಕ್ಕೆಯ ಕಡ್ಡಿಗಳು ದಾರದ ಹಾಗೆ ಉದ್ದ ಬೆಳೆಯುತ್ತವೆ, ಹೆಣ್ಣಿಗೆ ಇಲ್ಲ. ಮರಿ, ಹೆಣ್ಣು, ಗಂಡು ಮೂರನ್ನೂ ಒಟ್ಟಿಗಿಟ್ಟರೆ ಮೂರು ಜಾತಿ ಅಂತ ಯಾರಾದರೂ ಆಣೆ ಹಾಕಿಯಾರು. ಇದರ ಹೆಸರು ಡಾಕಿನ್ಸಿಯಾ ಫಿಲಮೆಂಟೋಸಾ. 2012ರಲ್ಲಿ ಈ ಗುಂಪಿಗೆ ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್ ಅವರ ಹೆಸರಿಟ್ಟರು. ಮುಳ್ಳೇರಿಯ ತೋಡಿನ ಮೀನಿಗೆ ಆಕ್ಸ್‌ಫರ್ಡಿನ ಹೆಸರು! ಹಳೆಯ ಪುಸ್ತಕಗಳಲ್ಲಿ ಇದು ಪುಂಟಿಯಸ್ ಅಂತಲೇ ಇರುತ್ತದೆ, ಗಲಿಬಿಲಿಯಾಗಬೇಡಿ.

ಮೂಗಿನಿಂದ ಬಾಲದವರೆಗೆ ಒಂದು ಕಪ್ಪು ಪಟ್ಟಿ, ಅದರ ಮೇಲೆ ಮುಂದಿನ ಅರ್ಧಕ್ಕೆ ರಕ್ತಗೆಂಪು ಪಟ್ಟಿ ಇದ್ದರೆ ಅದು ಮಿಸ್ ಕೇರಳ. ಬಣ್ಣವೊಂದನ್ನೇ ನೋಡಿ ಹೇಳಬಹುದಾದ ಅಪರೂಪದ ಮೀನು ಇದು. ಅಕ್ವೇರಿಯಂ ವ್ಯಾಪಾರಕ್ಕೆ ಹಿಡಿದು ಹಿಡಿದು ಅಳಿವಿನಂಚಿಗೆ ಬಂದಿದೆ. ಫೋಟೋ ತೆಗೆದು ಆ ಕ್ಷಣವೇ ಬಿಟ್ಟುಬಿಡಿ.

ಮುಳ್ಳಿನ ರೆಕ್ಕೆಯವು

ಕರಿಮೀನಿಗೂ ತಿಲಾಪಿಯಾಗೂ ವ್ಯತ್ಯಾಸ ಕೇಳುವವರು ಬಹಳ. ಅದರಲ್ಲೂ ಹಣ ಕೊಟ್ಟು ಕರಿಮೀನು ಅಂತ ತಂದವರು. ಗುದದ ರೆಕ್ಕೆ ಬಿಡಿಸಿ ಮುಳ್ಳು ಎಣಿಸಿ. ಕರಿಮೀನಿಗೆ 12 ಅಥವಾ 13. ತಿಲಾಪಿಯಾಗೆ ಮೂರು, ತಪ್ಪಿದರೆ ನಾಲ್ಕು. ಇದಕ್ಕಿಂತ ಖಚಿತವಾದ ಪರೀಕ್ಷೆ ನನಗೆ ಬೇರೆ ಯಾವ ಮೀನಿನಲ್ಲೂ ಕಂಡಿಲ್ಲ. ಎರಡೂ ಒಂದೇ ಮನೆತನದವು, ಮೂತಿಯ ಒಂದೊಂದು ಪಕ್ಕಕ್ಕೆ ಮೂಗಿನ ತೂತು ಒಂದೊಂದೇ. ಬೇರೆ ಹೆಚ್ಚಿನ ಮೀನುಗಳಿಗೆ ಎರಡೆರಡು. ಕರಿಮೀನು 2010ರಿಂದ ಕೇರಳದ ರಾಜ್ಯಮೀನು. ತಿಲಾಪಿಯಾ 1952ರಲ್ಲಿ ಹೊರಗಿಂದ ತಂದು ಬಿಟ್ಟದ್ದು, ಈಗ ಕೆರೆ ಹೊಳೆ ಎಲ್ಲ ಅದರದ್ದೇ ರಾಜ್ಯ.

ಕರಿಪ್ಪಿಡಿಯ ಕಿವಿರಿನ ಮುಚ್ಚಳದ ಅಂಚು ಗರಗಸ. ಅದನ್ನು ಊರಿಕೊಂಡೇ ಅದು ನೆಲದ ಮೇಲೆ ಸಾಗುವುದು. ಗುದದ ರೆಕ್ಕೆಯಲ್ಲಿ ಒಂಬತ್ತು ಹತ್ತು ಮುಳ್ಳು. ಗಾಳ ಬಿಡಿಸುವಾಗ ಕಿವಿರಿಗೆ ಬೆರಳು ಹಾಕಬೇಡಿ.

ಹಾವಿನ ತಲೆ, ಹಾವಿನ ಮೈ

ವರಾಲ್ ಅನ್ನಿ, ಬ್ರಾಲ್ ಅನ್ನಿ, ಮರಲ್ ಅನ್ನಿ, ತಲೆ ಹಾವಿನದ್ದು, ಬೆನ್ನು ಮತ್ತು ಕೆಳಗಿನ ರೆಕ್ಕೆ ಎರಡೂ ಉದ್ದ, ಎಲ್ಲಿಯೂ ಮುಳ್ಳಿಲ್ಲ. ಬಾಲದ ಬುಡದಲ್ಲಿ ನವಿಲುಗಣ್ಣಿನಂಥ ಚುಕ್ಕೆ ಇದ್ದರೆ ದೊಡ್ಡ ಜಾತಿಯದ್ದು. ಎದೆಯ ರೆಕ್ಕೆಯಲ್ಲಿ ಬಿಲ್ಲು ಬಿಲ್ಲಾಗಿ ಪಟ್ಟಿಗಳಿದ್ದು, ಗೇಣುದ್ದ ದಾಟದೆ ತೋಡಿನ ಕಲ್ಲ ಸಂದಿಯಲ್ಲಿ ಸಿಕ್ಕಿದರೆ ಅದು ಬೆಳೆದೇ ಅಷ್ಟು, ಮರಿ ಅಂತ ಕನಿಕರ ಬೇಡ. ಕೆಂಪು ಮರಿಗಳ ಹಿಂಡಿನ ಕೆಳಗೆ ಗಾಳ ಹಾಕುವವರನ್ನು ಕಂಡರೆ ಮಾತ್ರ ನನಗೆ ಸಿಟ್ಟು ಬರುತ್ತದೆ. ಅಲ್ಲಿ ಬೀಳುವುದು ಮರಿ ಕಾಯುವ ಅಪ್ಪ ಅಮ್ಮ. ಅವು ಹೋದರೆ ಹಿಂಡಿನ ಗತಿ ಮುಗಿಯಿತು.

ಮೈ ಪೂರ್ತಿ ಹಾವಿನ ಹಾಗೇ ಇದ್ದರೆ ಮೂರರಲ್ಲಿ ಒಂದು, ಊರಿನಲ್ಲಿ ಮೂರಕ್ಕೂ ಹಾವುಮೀನು ಅಂತಲೇ ಹೆಸರು. ಬೆನ್ನಿನ ಮೇಲೆ ಸಾಲು ಬಿಡಿ ಮುಳ್ಳುಗಳಿದ್ದು ಮೂತಿ ಚೂಪಾಗಿದ್ದರೆ ಆರಲ್. ಕಿವಿರಿನ ಹಿಂದೆ ಎದೆಯ ರೆಕ್ಕೆ ಇದ್ದು, ಬೆನ್ನು ಬಾಲ ಗುದದ ರೆಕ್ಕೆ ಒಂದೇ ರಿಬ್ಬನ್ ಆಗಿದ್ದರೆ ಮಲಂಜಿಲ್. ಅದು ಸಮುದ್ರದಲ್ಲಿ ಹುಟ್ಟಿ ಹೊಳೆ ಹತ್ತಿ ಬಂದದ್ದು. ರೆಕ್ಕೆ ಇದ್ದ ಹಾಗೇ ಕಾಣದೆ, ಗಂಟಲ ಕೆಳಗೆ ಕಿವಿರಿನ ಸೀಳು ಒಂದೇ ಇದ್ದರೆ ಕೆಸರಿನ ಹಾವುಮೀನು.

ಪರದೇಶಿಗಳು

ಯಾವ ಮನೆತನಕ್ಕೂ ಕೂಡದ ಮೀನು ಬಂದರೆ ಹೊಸ ಜಾತಿ ಕಂಡುಹಿಡಿದೆ ಅಂತ ಹಾರಾಡುವ ಮೊದಲು ಸಾಕುಕೆರೆ ಮತ್ತು ಅಕ್ವೇರಿಯಂ ನೆನಪು ಮಾಡಿಕೊಳ್ಳಿ. ಮನುಷ್ಯರ ದವಡೆ ಹಲ್ಲಿನಂಥ ಹಲ್ಲು, ತಟ್ಟೆಯಂಥ ಮೈ, ಕೊಬ್ಬಿನ ರೆಕ್ಕೆ ಇದ್ದರೆ ನಟ್ಟರ್, ರೂಪಚಂದ್ ಅಂತ ಮಾರುವುದು. ಪಿರಾನ್ಹಾ ಸಿಕ್ಕಿತು ಅಂತ ಗುಲ್ಲೆದ್ದಾಗ ಹೆಚ್ಚಾಗಿ ಇರುವುದು ಇದೇ. ಪಿರಾನ್ಹಾದ ಹಲ್ಲು ತ್ರಿಕೋನ, ಬ್ಲೇಡಿನ ಹಾಗೆ. ಸಣ್ಣ ಶಾರ್ಕ್‌ನಂತೆ ಕಂಡು ಎರಡು ಜೊತೆ ಮೀಸೆ, ಕೊಬ್ಬಿನ ರೆಕ್ಕೆ ಇದ್ದರೆ ಆಸಾಂ ವಾಳ. ಮೈಯೆಲ್ಲ ಮೂಳೆಯ ಕವಚ, ಬಾಯಿ ಹೊಟ್ಟೆಯ ಕಡೆ ಇದ್ದರೆ ಅಕ್ವೇರಿಯಂ ಗಾಜು ನೆಕ್ಕುವ ಹೀರುಬಾಯಿ ಮೀನು. ಇವನ್ನು ಪಾಪ ಅಂತ ಹೊಳೆಗೆ ವಾಪಸ್ ಬಿಡಬೇಡಿ.

ಈಗ ಹೆಸರು ಹುಡುಕಿ

ಇಷ್ಟಾದ ಮೇಲೆ ಫೋನ್ ತೆಗೆಯಿರಿ. ಜೀವಿಗಳ ಗುರುತು ಹಚ್ಚುವ ಐನ್ಯಾಚುರಲಿಸ್ಟ್ ಆ್ಯಪ್‌ಗೆ ಎಲ್ಲ ಫೋಟೋ ಹಾಕಿ, ಜಾಗವನ್ನೂ ಹಾಕಿ. ಅದು ತಾನಾಗಿ ಸೂಚಿಸುವ ಮೊದಲ ಹೆಸರನ್ನು ಒತ್ತಿಬಿಡಬೇಡಿ. ಘಟ್ಟದ ಸಣ್ಣ ಮೀನುಗಳಲ್ಲಿ ಅದು ಸುಲಭವಾಗಿ ಎಡವುತ್ತದೆ. ಹೆಸರು ಸಿಕ್ಕಿದರೆ ಮೀನುಗಳ ಮಾಹಿತಿಯ ಜಾಲತಾಣ ಫಿಶ್‌ಬೇಸ್‌ನಲ್ಲಿ ಮುಳ್ಳಿನ ಎಣಿಕೆ, ಅದು ಇರುವ ಜಾಗ ಎರಡೂ ತಾಳೆಯಾಗುತ್ತದಾ ನೋಡಿ. ಬ್ರಹ್ಮಪುತ್ರದ ಮೀನಿನ ಹೆಸರು ನಮ್ಮ ಪಯಸ್ವಿನಿ ಹೊಳೆಗೆ ಬಂತು ಅಂದರೆ ತಪ್ಪಿದ್ದೇವೆ ಅಂತ ಅರ್ಥ. ಅಲ್ಲೂ ಬಗೆಹರಿಯದಿದ್ದರೆ ಮಂಗಳೂರಿನ ಮೀನುಗಾರಿಕಾ ಕಾಲೇಜು ನಮಗೆ ಹತ್ತಿರ. 1969ರಲ್ಲಿ ಶುರುವಾದ, ದೇಶದ ಮೊದಲ ಮೀನುಗಾರಿಕಾ ಕಾಲೇಜು. ‘ಇದು ಯಾವ ಮೀನು ಸಾರ್’ ಅಂತ ಒಂದು ಮಸುಕು ಫೋಟೋ ಕಳಿಸಿದರೆ ಯಾರೂ ಉತ್ತರ ಕೊಡಲಾರರು. ಐದು ಫೋಟೋ, ಜಾಗ, ಉದ್ದ, ಮುಳ್ಳಿನ ಲೆಕ್ಕ ಕೊಟ್ಟು ಕೇಳಿದರೆ ಗೊತ್ತಿದ್ದವರು ಖುಷಿಯಿಂದ ಹೇಳುತ್ತಾರೆ.

ಗುರುತು ಸಿಗುವವರೆಗೆ ಮೀನು ಏನು ಮಾಡುವುದು? ಫೋಟೋ ಆಯಿತಲ್ಲ, ಊರಿನ ಮೀನು ಅನ್ನಿಸಿದರೆ ಬಿಡಿ. ಮೊದಲ ಮಳೆಗೆ ತುಳುವಿನವರು ಉಬರ್ ಅನ್ನುವ, ಮಲಯಾಳದವರು ಊತ್ತ ಅನ್ನುವ ಹೊತ್ತಿನಲ್ಲಂತೂ ಗಾಳ ಬಲೆ ಎರಡೂ ಅಟ್ಟಕ್ಕೆ ಹಾಕಿ. ಆಗ ಹೊಳೆ ಹತ್ತುವುದು ಹೊಟ್ಟೆ ತುಂಬ ಮೊಟ್ಟೆ ಇರುವ ಮೀನುಗಳು. ಕೇರಳದಲ್ಲಿ 2010ರ ಒಳನಾಡು ಮೀನುಗಾರಿಕೆ ಕಾನೂನಿನ ಪ್ರಕಾರ ಅವನ್ನು ಹಿಡಿಯುವುದು ಅಪರಾಧ.

ಒಂದು ವಿಷಯ ಗಾಳಕ್ಕೆ ಸಂಬಂಧಿಸಿದ್ದಲ್ಲ, ಆದರೂ ಹೇಳಿಬಿಡುತ್ತೇನೆ. ಕೇರಳದ ಮುರಕಲ್ಲಿನ ಒಳಗಿನ ನೀರಿನಲ್ಲಿ ಕಣ್ಣಿಲ್ಲದ, ಕೆಂಪು ಕೆಂಪಾದ ಸಣ್ಣ ಮೀನುಗಳಿವೆ. 2019ರಲ್ಲಿ ಹೆಸರು ಪಡೆದ ಎನಿಗ್ಮಚನ್ನಾ ಗೊಲ್ಲಂ ಅನ್ನುವ ನೆಲದೊಳಗಿನ ಮೀನು ಮಲಪ್ಪುರದ ಗದ್ದೆಯಲ್ಲಿ ಸಿಕ್ಕಿದ್ದು, ಯಾರೋ ಸಾಮಾಜಿಕ ಜಾಲತಾಣದಲ್ಲಿ ಹಾಕಿದ ಫೋಟೋದಿಂದಲೇ ಅದು ವಿಜ್ಞಾನಿಗಳ ಕಣ್ಣಿಗೆ ಬಿತ್ತು. 2022ರಲ್ಲಿ ಚೆಂಗನ್ನೂರಿನಿಂದ ಪಾಂಜಿಯೊ ಪಾತಾಳ ಬಂತು, ಎರೆಹುಳದಂಥ ಮೀನು. ನಮ್ಮ ಎಣ್ಮಕಜೆ, ಬಾಯಾರು, ಬದಿಯಡ್ಕದ ಗುಡ್ಡಗಳಲ್ಲಿ ನೀರಿಗಾಗಿ ಮುರಕಲ್ಲು ಕೊರೆದ ಸುರಂಗಗಳಿಗೆ ಲೆಕ್ಕವಿಲ್ಲ. ಸುರಂಗದ ನೀರಿನ ಜೊತೆ ಕೆಂಪು ದಾರದ ತುಂಡಿನಂಥದ್ದು ಏನಾದರೂ ಬಂದು ಬಿಂದಿಗೆಯಲ್ಲಿ ಈಜಿದರೆ ಹುಳ ಅಂತ ಅಂಗಳಕ್ಕೆ ಚೆಲ್ಲಬೇಡಿ. ಅದೇ ನೀರಿನಲ್ಲಿ ಬಿಳಿ ಬಟ್ಟಲಿಗೆ ಹಾಕಿ, ನೆರಳಲ್ಲಿಟ್ಟು, ಮೊದಲು ನೋಡಿ: ರೆಕ್ಕೆ ಇದೆಯಾ?